ಬಸ್ಸಿನಲ್ಲಿ ತಲೆ ಎಣಿಸುವ ಸೆನ್ಸರ್: ಕೊಳ್ಳುವ ಮುನ್ನ ನೋಡಬೇಕಾದ್ದು

ಟಿಕೆಟ್ ಯಂತ್ರದಲ್ಲೇ ಲೆಕ್ಕ ಸಿಗುವಾಗ ಬಸ್ಸಿಗೆ ಸೆನ್ಸರ್ ಏಕೆ ಬೇಕು? 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಮಹಿಳೆಯರ ಉಚಿತ ಪ್ರಯಾಣವೂ ಶೂನ್ಯ ಟಿಕೆಟ್‌ನಲ್ಲಿ ದಾಖಲಾಗುತ್ತಿದೆ, ನಿಜ. ಆದರೆ ಪಾಸು ತೋರಿಸಿ ಹೋಗುವ ವಿದ್ಯಾರ್ಥಿಗಳು, ನೌಕರರು ಸಾಮಾನ್ಯವಾಗಿ ಆ ಲೆಕ್ಕಕ್ಕೆ ಬರುವುದಿಲ್ಲ. ಕಾಲೇಜು ಹೊತ್ತಿನಲ್ಲಿ ಮಕ್ಕಳು ಫುಟ್‌ಬೋರ್ಡಿನಲ್ಲಿ ಜೋತುಬಿದ್ದಿದ್ದರೂ ಕಾಗದದ ಮೇಲೆ ಬಸ್ಸು ಅರ್ಧ ಖಾಲಿ. ಹಾಗಾಗಿಯೇ ಇನ್ನೊಂದು ಬಸ್ಸು ಬಿಡಿ ಎಂಬ ಅವರ ಬೇಡಿಕೆಗೆ ಆಧಾರ ಸಿಗುವುದಿಲ್ಲ.

ಮೊದಲು ಉದ್ದೇಶ ಖಚಿತಪಡಿಸಿಕೊಳ್ಳಿ. ಯಾವ ಮಾರ್ಗಕ್ಕೆ ಎಷ್ಟು ಟ್ರಿಪ್ ಬೇಕು ಎಂದು ತಿಳಿಯುವುದಷ್ಟೇ ಆದರೆ ಕೆಲವು ಬಸ್ಸುಗಳಿಗೆ ಸೆನ್ಸರ್ ಹಾಕಿ, ಅವನ್ನು ಬೇರೆಬೇರೆ ಮಾರ್ಗಗಳಲ್ಲಿ ಓಡಿಸಿದರೆ ಸಾಕು. ಬರುತ್ತಿರುವ ಬಸ್ಸಿನಲ್ಲಿ ಜಾಗವಿದೆಯೇ ಎಂದು ಪ್ರಯಾಣಿಕರ ಮೊಬೈಲಿಗೆ ತಿಳಿಸಬೇಕಾದರೆ ಆ ಮಾರ್ಗದ ಎಲ್ಲ ಬಸ್ಸಿಗೂ ಬೇಕು.

ಮುಂದಿನದು ಬಗೆಯ ಆಯ್ಕೆ. ಬಾಗಿಲಿನ ಪಕ್ಕದಲ್ಲಿ ಕೂರಿಸುವ ಇನ್‌ಫ್ರಾರೆಡ್ ಕಿರಣದ ಸೆನ್ಸರ್ ಅಗ್ಗ. ಆದರೆ ಇಬ್ಬರು ಒತ್ತಿಕೊಂಡು ಹತ್ತಿದರೆ ಅದಕ್ಕೆ ಒಬ್ಬರೇ. ಏರ್ ಸಸ್ಪೆನ್ಷನ್ನಿನ ಒತ್ತಡದಿಂದ ಭಾರ ಅಳೆದರೆ ಒಟ್ಟು ಜನರ ಅಂದಾಜು ಸಿಗುತ್ತದೆ, ಎಲ್ಲಿ ಎಷ್ಟು ಜನ ಹತ್ತಿಳಿದರು ಎಂಬುದು ಸಿಗುವುದಿಲ್ಲ. ಮೊಬೈಲುಗಳ ವೈಫೈ ಸಂಕೇತ ಎಣಿಸುವ ವಿಧಾನವನ್ನು ಬಿಟ್ಟುಬಿಡಿ. ಈಗಿನ ಫೋನುಗಳು ತಮ್ಮ ಗುರುತಿನ ಸಂಖ್ಯೆಯನ್ನು ಆಗಾಗ ಬದಲಿಸುತ್ತವೆ. ನಮ್ಮ ನೂಕುನುಗ್ಗಲಿಗೆ ಬಾಗಿಲಿನ ಮೇಲ್ಭಾಗದಲ್ಲಿ ಕೂರಿಸುವ ತ್ರೀಡಿ ಸೆನ್ಸರೇ ಸರಿ. ಇದರಲ್ಲಿ ಎರಡು ಬಗೆ: ಜೋಡಿ ಕ್ಯಾಮೆರಾದ ಸ್ಟೀರಿಯೊ, ಮತ್ತು ತಾನೇ ಬೆಳಕು ಚಿಮ್ಮಿಸಿ ಅದು ಮರಳುವ ಸಮಯದಿಂದ ದೂರ ಅಳೆಯುವ ಟೈಮ್ ಆಫ್ ಫ್ಲೈಟ್. ಎರಡನೆಯದು ಕತ್ತಲಲ್ಲೂ ನಡೆಯುತ್ತದೆ. ಅದಕ್ಕೆ ತಲೆ, ಭುಜದ ಆಕಾರ ಸಾಕು, ಮುಖ ಬೇಕಿಲ್ಲ. ಮುಖ ದಾಖಲಿಸುವ ಕ್ಯಾಮೆರಾ ಬಳಸುವುದಾದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಗಮನದಲ್ಲಿಡಬೇಕು.

ಟೇಪು ಹಿಡಿದು ಬಾಗಿಲು ಅಳೆಯಿರಿ. ಸೆನ್ಸರ್ ಕೆಳಗೆ ಕೂತಷ್ಟೂ ಅದರ ನೋಟದ ಅಗಲ ಕಿರಿದಾಗುತ್ತದೆ. ಎರಡು ಬಾಗಿಲಿನ ಬಸ್ಸಿನಲ್ಲಿ ಒಂದಕ್ಕೆ ಮಾತ್ರ ಹಾಕಿ ದುಡ್ಡು ಉಳಿಸಬೇಡಿ. ಬಾಗಿಲು ತೆರೆದಾಗ ಮಾತ್ರ ಎಣಿಸುವ ಉಪಕರಣ, ಬಾಗಿಲೇ ಇಲ್ಲದ ಸಾಮಾನ್ಯ ಬಸ್ಸಿಗೆ ಒಗ್ಗದು; ಅಲ್ಲಿ ಬಸ್ಸಿನ ವೇಗ ನೋಡಿ ಎಣಿಕೆ ಶುರುಮಾಡುವ ವ್ಯವಸ್ಥೆ ಬೇಕು. 24 ವೋಲ್ಟ್ ವಿದ್ಯುತ್ತಿಗೆ ಹೊಂದುತ್ತದೆಯೇ, ಈಗಾಗಲೇ ಇರುವ ಜಿಪಿಎಸ್ ಉಪಕರಣದ ಜೊತೆ ಮಾತಾಡುತ್ತದೆಯೇ, ಧೂಳು, ಮಳೆ, ಕುಲುಕಾಟ ತಡೆಯುತ್ತದೆಯೇ ಎಂಬುದನ್ನು ಬರವಣಿಗೆಯಲ್ಲೇ ಪಡೆಯಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಪರೀಕ್ಷೆ. ಮಾರುವವರ ಕೈಪಿಡಿಯಲ್ಲಿ ಶೇ 98 ನಿಖರ ಎಂದಿದ್ದರೆ, ಅದನ್ನು ಯಾವ ಬಸ್ಸಿನಲ್ಲಿ, ಎಂಥ ರಶ್ಶಿನಲ್ಲಿ ಅಳೆದರು ಎಂದು ಕೇಳಿ. ನಿಮ್ಮದೇ ಬಸ್ಸಿನಲ್ಲಿ, ಬೆಳಗಿನ ರಶ್ಶಿನಲ್ಲಿ, ಪ್ರತಿ ಬಾಗಿಲಿಗೂ ಒಬ್ಬರನ್ನು ನಿಲ್ಲಿಸಿ ಕೈಯಿಂದ ಎಣಿಸಿ ತಾಳೆ ನೋಡಿ. ದಿನದ ಒಟ್ಟು ಮೊತ್ತ ಹೊಂದಿದರೆ ಸಾಲದು. ಒಂದು ನಿಲ್ದಾಣದಲ್ಲಿ ಐದು ಜನ ಕಮ್ಮಿ, ಇನ್ನೊಂದರಲ್ಲಿ ಐದು ಜನ ಜಾಸ್ತಿ ಎಣಿಸಿದರೆ ಮೊತ್ತ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಹತ್ತಿದವರು, ಇಳಿದವರು ಎರಡನ್ನೂ ನಿಲ್ದಾಣವಾರು ನೋಡಿ. ಕಂಕುಳಲ್ಲಿ ಮಗು, ತಲೆ ಮೇಲೆ ಮೂಟೆ, ಇಳಿದು ದಾರಿ ಬಿಟ್ಟು ಮತ್ತೆ ಹತ್ತುವವರು, ಮತ್ತೆಮತ್ತೆ ಕೆಳಗಿಳಿಯುವ ಕಂಡಕ್ಟರ್: ಇವರನ್ನೆಲ್ಲ ಅದು ಹೇಗೆ ಎಣಿಸುತ್ತದೆ ಎಂದು ಪರೀಕ್ಷಿಸಲೇಬೇಕು. ಅಮೆರಿಕದಲ್ಲಿ ಫೆಡರಲ್ ಟ್ರಾನ್ಸಿಟ್ ಅಡ್ಮಿನಿಸ್ಟ್ರೇಷನ್‌ಗೆ ಸೆನ್ಸರ್ ಲೆಕ್ಕ ಒಪ್ಪಿಸುವ ಸಂಸ್ಥೆಗಳೂ ಹೀಗೆ ಕೈ ಎಣಿಕೆಯ ಜೊತೆ ಹೋಲಿಸಿ ತೋರಿಸಬೇಕು.

ಸಣ್ಣ ತಪ್ಪುಗಳು ಟ್ರಿಪ್ಪಿನಿಂದ ಟ್ರಿಪ್ಪಿಗೆ ಕೂಡುತ್ತ ಹೋಗಿ, ಕೊನೆಯ ನಿಲ್ದಾಣದಲ್ಲಿ ಖಾಲಿ ಬಸ್ಸಿನೊಳಗೂ ಜನ ಉಳಿದಂತೆ ತೋರಿಸುತ್ತವೆ. ಅಲ್ಲಿ ಲೆಕ್ಕ ಸೊನ್ನೆಗೆ ಬರಬೇಕು, ತಿದ್ದುವ ಮೊದಲಿನ ಅಂಕಿಯೂ ನಿಮ್ಮ ಕೈಸೇರಬೇಕು. ಈ ಎರಡು ಷರತ್ತು ಟೆಂಡರಿನಲ್ಲಿರಲಿ.

ಟೆಂಡರ್ ಕರೆಯುವ ಮುನ್ನ ಸೆನ್ಸರ್ ಹಾಕಬೇಕೆಂದಿರುವ ಮಾರ್ಗದ ಕಂಡಕ್ಟರುಗಳನ್ನು ಕೂರಿಸಿಕೊಂಡು ಮಾತಾಡಿ. ಯಾವ ಸ್ಟಾಪಿನಲ್ಲಿ ಯಾವ ಬಾಗಿಲಿಗೆ ಜನ ಮುಗಿಬೀಳುತ್ತಾರೆ ಎಂಬುದು ಅವರಿಗೆ ಗೊತ್ತು. ಪರೀಕ್ಷೆಯನ್ನು ಆ ಸ್ಟಾಪಿನಿಂದಲೇ ಶುರುಮಾಡಿ.