ಹಣೆಯೂರಿ ನಮಿಸುವ ಕ್ರಮ

ಮುಂಬಯಿಯ ದಾದರ್ ಗುರುದ್ವಾರದಲ್ಲಾಗಲಿ, 1947ರ ದೇಶವಿಭಜನೆಯ ಬಳಿಕ ಪಂಜಾಬಿ ನಿರಾಶ್ರಿತರು ನೆಲೆಸಿದ ಸಾಯನ್ ಕೋಳಿವಾಡದಲ್ಲಾಗಲಿ, ಗುರು ಗ್ರಂಥ ಸಾಹಿಬ್‌ನ ಮುಂದೆ ಭಕ್ತರು ನೆಲಕ್ಕೆ ಹಣೆಯೂರಿ ನಮಿಸುವುದನ್ನು ಕಾಣಬಹುದು. ಇದೇ ‘ಮಥಾ ಟೇಕನಾ’. ಕನ್ನಡಿಗರಿಗೆ ಇದು ಪರಕೀಯವಲ್ಲ. 1699ರಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆಯೊಪ್ಪಿಸಲು ಮುಂದೆ ಬಂದ ಪಂಚಪ್ಯಾರೆಗಳಲ್ಲಿ ಭಾಯಿ ಸಾಹಿಬ್ ಸಿಂಗ್ ಬೀದರಿನವರೆಂದು ಸಿಖ್ ಪರಂಪರೆ ಹೇಳುತ್ತದೆ. ತಲೆ ಬಾಗಿಸುವುದೆಂದರೆ ಅಹಂಕಾರವನ್ನು ಒಪ್ಪಿಸುವುದೆಂದೇ ಅರ್ಥ.

ಪಾದರಕ್ಷೆ ಕಳಚಿ, ಕೈಕಾಲು ತೊಳೆದು, ತಲೆಗೆ ವಸ್ತ್ರ ಹೊದ್ದು, ಗ್ರಂಥದ ಮುಂದೆ ಕ್ಷಣಕಾಲ ಕೈಮುಗಿದು ನಿಲ್ಲಬೇಕು. ಬಳಿಕ ಒಂದೊಂದಾಗಿ ಮೊಣಕಾಲೂರಿ, ಹಿಮ್ಮಡಿಗಳ ಮೇಲೆ ಕುಳಿತು, ಅಂಗೈಗಳನ್ನು ನೆಲಕ್ಕಿಡಬೇಕು. ಬೆನ್ನನ್ನು ಗೂನಾಗಿಸದೆ ಸೊಂಟದಿಂದ ಬಾಗಿ, ಉಸಿರು ಬಿಡುತ್ತ ಹಣೆಯನ್ನು ನೆಲಕ್ಕೆ ತಾಗಿಸಬೇಕು. ಭಾರವು ಕೈಕಾಲುಗಳ ಮೇಲಿರಬೇಕೇ ಹೊರತು ಕತ್ತಿನ ಮೇಲಲ್ಲ. ಏಳುವಾಗ ಉಸಿರೆಳೆದುಕೊಳ್ಳುತ್ತ ಮೊದಲು ಕುಳಿತು, ತುಸು ತಡೆದು, ಅನಂತರ ನಿಲ್ಲತಕ್ಕದ್ದು.

ತಲೆ ಹೃದಯಕ್ಕಿಂತ ಕೆಳಗಿಳಿದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಆದುದರಿಂದ ಗ್ಲಾಕೋಮಾ ಇರುವವರು ವೈದ್ಯರನ್ನು ಕೇಳದೆ ಹೆಚ್ಚು ಹೊತ್ತು ಬಾಗಿರಬಾರದು. ರಕ್ತದೊತ್ತಡಕ್ಕೆ ಔಷಧಿ ಸೇವಿಸುವವರು ಥಟ್ಟನೆ ಎದ್ದರೆ ತಲೆ ಸುತ್ತಿ ಬೀಳುವ ಸಂಭವವುಂಟು. ಮೊಣಕಾಲು ಸವೆದವರು ಅದನ್ನು ಪೂರ್ತಿ ಮಡಿಸಿದರೆ ನೋವು ಉಲ್ಬಣಿಸಬಹುದು.

ಅಂಥವರು ನಿಂತೇ ಕೈಮುಗಿದು ತಲೆ ಬಾಗಿಸಿದರೆ ಸಾಕು. ನಮನ ಸಲ್ಲುವುದು ಗುರುವಾಣಿಗೆ. ಅದು ಅಂಗಸಾಧನೆಯ ಪರೀಕ್ಷೆಯಲ್ಲ. ಹಿರಿಯರು ಸಂಕೋಚದಿಂದ ನೋವು ನುಂಗಿ ಬಾಗುವುದಕ್ಕಿಂತ, ದೇಹದ ಮಿತಿಯನ್ನರಿತು ನಮಿಸುವುದೇ ವಿವೇಕ.