ಸ್ಕ್ರೂ ಲೂಸ್ ಆಗೋದು ಹೇಗೆ?

‘ಸ್ಕ್ರೂ ಲೂಸ್’ ಅಂದ್ರೆ ನಮ್ಮ ಹಾಸ್ಟೆಲಿನಲ್ಲಿ ಒಂದೇ ಅರ್ಥ. ಆದರೆ ಕಳೆದ ಸೆಮಿಸ್ಟರಿನಲ್ಲಿ ನಮ್ಮ ಗುಂಪಿನ ಒಬ್ಬನ ಅಜ್ಜಿಗೆ ಡಾಕ್ಟರ್ ಇದೇ ಮಾತು ಹೇಳಿದಾಗ ಯಾರಿಗೂ ನಗು ಬರಲಿಲ್ಲ. ಅಜ್ಜಿ ಇರೋದು ಆರ್.ಟಿ. ನಗರದಲ್ಲಿ, ವಯಸ್ಸು 72. ಸೊಂಟದ ಹತ್ತಿರ ಎಲ್4, ಎಲ್5 ಎಂಬ ಎರಡು ಮೂಳೆಗಳನ್ನು ನಾಲ್ಕು ಸ್ಕ್ರೂ, ಎರಡು ರಾಡ್ ಹಾಕಿ ಜೋಡಿಸಿದ್ದರು. ಎಂಟು ತಿಂಗಳಿಗೆ ನೋವು ವಾಪಸ್ ಬಂತು. ಎಕ್ಸ್-ರೇ ತೆಗೆದರೆ ಕೆಳಗಿನ ಎರಡು ಸ್ಕ್ರೂಗಳ ಸುತ್ತ ತೆಳುವಾದ ಕಪ್ಪು ಗೆರೆ. ಸ್ಕ್ರೂ ಮುರಿದಿರಲಿಲ್ಲ, ಬಾಗಿಯೂ ಇರಲಿಲ್ಲ. ಸುತ್ತಲಿನ ಮೂಳೆ ಅದನ್ನು ಕೈಬಿಟ್ಟಿತ್ತು.

“ಅಷ್ಟು ಗಟ್ಟಿ ಸ್ಕ್ರೂ ಹೇಗೋ ಲೂಸ್ ಆಗುತ್ತೆ? ಇಂಜಿನಿಯರಿಂಗ್ ಓದ್ತಿದೀಯಲ್ಲ, ಹೇಳು” ಅಂತ ಅಜ್ಜಿ ಮೊಮ್ಮಗನನ್ನು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಥ್ರೆಡ್, ಪಿಚ್, ಲೀಡ್ ಎಲ್ಲಾ ಪರೀಕ್ಷೆಗೆ ಬರೆದು ಪಾಸಾಗಿದ್ದೆವು, ಅಷ್ಟೇ.

ಮೊದಲು ಜಾಗ ನೋಡೋಣ. ಬೆನ್ನುಮೂಳೆಯ ಪ್ರತಿ ಮಣಿಗೂ ಮುಂದೆ ದಪ್ಪನೆಯ ದೇಹ, ಹಿಂದೆ ಕಮಾನು. ಎರಡನ್ನೂ ಸೇರಿಸೋದು ಎಡಕ್ಕೊಂದು ಬಲಕ್ಕೊಂದು ಇರುವ ಗಿಡ್ಡ ಕತ್ತು, ಅದೇ ಪೆಡಿಕಲ್. 1960ರ ದಶಕದಲ್ಲಿ ಫ್ರಾನ್ಸಿನ ರಾಯ್-ಕಮಿಲ್ ಈ ಕತ್ತಿನ ಮೂಲಕ ಸ್ಕ್ರೂ ಹಾಕಿ ಪ್ಲೇಟ್ ಕೂರಿಸುವ ವಿಧಾನ ಬೆಳೆಸಿದರು. ಪೆಡಿಕಲ್ಲಿನ ಹೊರಗೋಡೆ ಗಟ್ಟಿ, ಒಳಗೆ ಮೈಸೂರ್‌ಪಾಕಿನ ಥರ ತೂತು ತೂತು. ಸ್ಕ್ರೂಗೆ ಸಿಗುವ ಹಿಡಿತದಲ್ಲಿ ಸುಮಾರು 60% ಈ ಗಿಡ್ಡ ಕತ್ತಿನಿಂದಲೇ ಬರುತ್ತೆ.

ನಾವು ಯಶವಂತಪುರದ ಹಾರ್ಡ್‌ವೇರ್ ಅಂಗಡಿಯಿಂದ ಒಂದೇ ಅಳತೆಯ ಸ್ಕ್ರೂಗಳನ್ನು ತಂದು, ಒಂದನ್ನು ಒತ್ತಾದ ಥರ್ಮೋಕೋಲಿಗೆ, ಇನ್ನೊಂದನ್ನು ಹಗುರ ಥರ್ಮೋಕೋಲಿಗೆ ಹಾಕಿ ಲಗೇಜ್ ತೂಗುವ ತಕ್ಕಡಿಯಿಂದ ಎಳೆದೆವು. (ನಿಜವಾದ ಲ್ಯಾಬುಗಳಲ್ಲೂ ಮೂಳೆಯ ಬದಲು ಪಾಲಿಯುರೆಥೇನ್ ಫೋಮ್ ಬಳಸ್ತಾರೆ, ಹಾಗಾಗಿ ನಗಬೇಡಿ.) ಹಗುರವಾದದ್ದು ಬೇಗ ಸೋತಿತು. ಆದರೆ ನೋಡಬೇಕಾದ್ದು ಹೊರಬಂದ ಸ್ಕ್ರೂವನ್ನು: ಥ್ರೆಡ್‌ಗಳ ಸಂದಿನಲ್ಲೆಲ್ಲಾ ಬಿಳಿ ಕಾಳು ತುಂಬಿಕೊಂಡು ಅದು ನುಣುಪಾದ ಕೊಳವೆಯ ಹಾಗೆ ಕಾಣುತ್ತಿತ್ತು. ಅಂದ್ರೆ ಹರಿದದ್ದು ಸ್ಕ್ರೂವಿನ ಹೊರವ್ಯಾಸದಷ್ಟು ಅಗಲದ ಒಂದು ಸಿಲಿಂಡರ್.

1996ರಲ್ಲಿ ಚಾಪ್‌ಮನ್ ಮತ್ತು ಜೊತೆಗಾರರು ಪ್ರಕಟಿಸಿದ ಲೆಕ್ಕವೂ ಇದನ್ನೇ ಹೇಳುತ್ತೆ. ಕಿತ್ತುಬರಲು ಬೇಕಾದ ಬಲ = ಮೂಳೆಯ ಶಿಯರ್ ಸ್ಟ್ರೆಂತ್ × ಹಿಡಿದ ಉದ್ದ × ಪೈ × ಹೊರವ್ಯಾಸ × ಥ್ರೆಡ್ ಶೇಪ್ ಫ್ಯಾಕ್ಟರ್. ಕೊನೆಯದು = 0.5 + 0.577 × (ಥ್ರೆಡ್ ಆಳ ÷ ಪಿಚ್).

ಹೊರವ್ಯಾಸ 6.5 ಮಿ.ಮೀ., ಆಳ 1, ಪಿಚ್ 2.7 ಅಂತ ಇಟ್ಕೊಳ್ಳಿ. ಫ್ಯಾಕ್ಟರ್ 0.714. ಆಳವನ್ನು 1.25 ಮಾಡಿದರೆ 0.767, ಅಂದ್ರೆ ಹಿಡಿತ ಸುಮಾರು 7% ಜಾಸ್ತಿ. ಖುಷಿಯಾಯ್ತಾ? ಇದನ್ನೇ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವ ಅಣ್ಣನಿಗೆ ತೋರಿಸಿದಾಗ ಅವರು ಕಾಗದ ನೋಡಲೇ ಇಲ್ಲ. “ಆಳ ತೆಗೆದ್ರೆ ಒಳಗಿನ ಕೋರ್ ಸಣ್ಣ ಆಗಲ್ವಾ?” ಅಂದರು. ನಿಜ. ಕೋರ್ 4.5ರಿಂದ 4 ಮಿ.ಮೀ.ಗೆ ಇಳಿಯಿತು. ಬಾಗುವಿಕೆಯನ್ನು ತಡೆಯುವ ಶಕ್ತಿ ವ್ಯಾಸದ ಘನಕ್ಕೆ ಅನುಪಾತ, ಹಾಗಾಗಿ ಅದು ಹತ್ತಿರ ಹತ್ತಿರ 30% ಕಡಿಮೆ. 7 ಗಳಿಸಿ 30 ಕಳೆದುಕೊಂಡ ವ್ಯಾಪಾರ!

ಹೊರವ್ಯಾಸ ದೊಡ್ಡದು ಮಾಡಬಹುದಲ್ವಾ ಅಂದ್ರೆ, 5.5ರಿಂದ 6.5ಕ್ಕೆ ಹೋದರೆ 18% ಲಾಭ ಇದೆ. ಆದರೆ ಪೆಡಿಕಲ್ಲಿಗಿಂತ ದಪ್ಪ ಆದರೆ ಗೋಡೆ ಒಡೆಯುತ್ತೆ, ಒಳಗೋಡೆಯ ಪಕ್ಕದಲ್ಲೇ ನರ. ಇನ್ನು ಸೂತ್ರದ ಮೊದಲ ಪದ ನೋಡಿ. ಮೂಳೆಯ ಶಕ್ತಿ ಅರ್ಧ ಆದರೆ ಹಿಡಿತವೂ ನೇರವಾಗಿ ಅರ್ಧ. ಅಜ್ಜಿಯ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ ಮೈನಸ್ 3.1 ಇತ್ತು. ಮೈನಸ್ 2.5 ಅಥವಾ ಅದಕ್ಕಿಂತ ಕಡಿಮೆ ಇದ್ದರೇ ಆಸ್ಟಿಯೋಪೊರೋಸಿಸ್. ನಮಗೆ ಬೇಜಾರಾದ ವಿಷಯ ಇದು: ಈ ಸ್ಕ್ಯಾನ್ ಮಾಡಿಸಿದ್ದು ಎರಡನೇ ಸಲ, ಸ್ಕ್ರೂ ಲೂಸ್ ಆದ ಮೇಲೆ.

ಇಷ್ಟಾದರೂ ಒಂದು ಪ್ರಶ್ನೆ ಉಳೀತು. ಅಜ್ಜಿಯ ಸ್ಕ್ರೂವನ್ನು ಯಾರೂ ನೇರ ಹಿಂದಕ್ಕೆ ಎಳೆದಿರಲಿಲ್ಲವಲ್ಲ. ಬಗ್ಗಿದಾಗ, ಎದ್ದಾಗ, ಹೆಬ್ಬಾಳ ಫ್ಲೈಓವರ್ ಮೇಲೆ ಬಸ್ಸು ಎತ್ತಿ ಹಾಕಿದಾಗ ಸ್ಕ್ರೂವಿನ ತಲೆ ಮೇಲೆ ಕೆಳಗೆ ತೊನೆಯುತ್ತೆ. ಪೆಡಿಕಲ್ ಅದಕ್ಕೆ ಆನಿಕೆ, ಒಳಗಿನ ತುದಿ ಬಸ್ಸಿನ ವೈಪರ್ ಥರ ಆಡುತ್ತೆ. ಟೈಟಾನಿಯಂ ಮಿಶ್ರಲೋಹದ ಯಂಗ್ಸ್ ಮಾಡ್ಯುಲಸ್ ಸುಮಾರು 110 ಗಿಗಾಪಾಸ್ಕಲ್, ಒಳಮೂಳೆಯದ್ದು 1ಕ್ಕೂ ಕಡಿಮೆ. ಸವೆಯೋದು ಯಾರು ಅಂತ ಹೇಳಬೇಕಿಲ್ಲ. ಥರ್ಮೋಕೋಲಿನಲ್ಲಿ ಸ್ಕ್ರೂವನ್ನು ನೂರು ಸಲ ಅಲ್ಲಾಡಿಸಿ ಎಳೆದೆವು, ಎರಡು ಬೆರಳಿಗೇ ಬಂತು.

ಇಂಪ್ಲಾಂಟ್ ಜೋಡಣೆಯನ್ನು ಪರೀಕ್ಷಿಸುವ ಎ.ಎಸ್.ಟಿ.ಎಂ. ಎಫ್1717 ಎಂಬ ಮಾನದಂಡದಲ್ಲಿ 50 ಲಕ್ಷ ಸಲ ಲೋಡ್ ಹಾಕ್ತಾರೆ. ಆದರೆ ಸ್ಕ್ರೂ ಕೂರಿಸೋದು ಪ್ಲಾಸ್ಟಿಕ್ ಬ್ಲಾಕಿನಲ್ಲಿ. ಆ ಪರೀಕ್ಷೆ ಲೋಹ ಉಳಿಯುತ್ತಾ ಅಂತ ಹೇಳುತ್ತೆ, ಮೂಳೆಯ ಬಗ್ಗೆ ಏನೂ ಹೇಳಲ್ಲ. ಅಜ್ಜಿಯ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಇದಕ್ಕೇ ಕೆಲವು ಸ್ಕ್ರೂಗಳ ಕೋರ್ ತಲೆಯ ಕಡೆಗೆ ದಪ್ಪ, ತುದಿಗೆ ಸಣ್ಣ. ಒಳಗೆ ಹೋಗ್ತಾ ಹೋಗ್ತಾ ಮೂಳೆಯನ್ನು ಒತ್ತಿ ಬಿಗಿ ಮಾಡುತ್ತೆ, ಹೆಚ್ಚು ಬಾಗುವ ಜಾಗದಲ್ಲೇ ದಪ್ಪ ಸಿಗುತ್ತೆ. ಮೂಳೆ ತೀರಾ ಟೊಳ್ಳಾದರೆ ಪಕ್ಕದಲ್ಲಿ ರಂಧ್ರಗಳಿರುವ ಟೊಳ್ಳು ಸ್ಕ್ರೂ ಹಾಕಿ, ಅದರೊಳಗಿಂದ ಪಿ.ಎಂ.ಎಂ.ಎ. ಎಂಬ ಸಿಮೆಂಟ್ ತಳ್ತಾರೆ. ಅದು ಸೋರಿ ರಕ್ತನಾಳಕ್ಕೆ ಹೋದರೆ ಶ್ವಾಸಕೋಶದವರೆಗೂ ತಲುಪಬಹುದು, ಹಾಗಾಗಿ ಎಲ್ಲರಿಗೂ ಹಾಕಲ್ಲ.

ಅಜ್ಜಿಗೆ ಹಾಕಿದರು. ಕೆಳಗಿನ ಎರಡನ್ನೂ ತೆಗೆದು, ಒಂದು ಅಳತೆ ದೊಡ್ಡ ಸ್ಕ್ರೂ, ಜೊತೆಗೆ ಸಿಮೆಂಟ್. ನಾವು ನೋಡಲು ಹೋದಾಗ ಇಷ್ಟೂ ವಿವರಿಸಿದೆವು, ಥರ್ಮೋಕೋಲ್ ತುಂಡನ್ನೂ ತೋರಿಸಿದೆವು. ಎಲ್ಲ ಕೇಳಿಸಿಕೊಂಡು, “ಸಿಮೆಂಟ್ ಅಂದ್ರೆ ಇಪ್ಪತ್ತೊಂದು ದಿನ ನೀರು ಹಾಕ್ಬೇಕಲ್ಲಪ್ಪಾ?” ಅಂದರು. ಇಲ್ಲ ಅಜ್ಜಿ, ಇದು ಆಪರೇಷನ್ ಟೇಬಲ್ ಮೇಲೇ ಕೆಲವು ನಿಮಿಷದಲ್ಲಿ ಗಟ್ಟಿಯಾಗುತ್ತೆ ಅಂದೆವು.