ಕಂಪವಾತದ ಗುಳಿಗೆಯೂ ಗಡಿಯಾರವೂ

ಗುಳೇದಗುಡ್ಡದ ಖಣವನ್ನು ಕಾಣದ ಕನ್ನಡಿಗರು ವಿರಳ. ಕುಪ್ಪಸಕ್ಕೆಂದು ನೇಯುವ ಈ ಚಿಕ್ಕ ಬಟ್ಟೆಯಲ್ಲಿ ತೇರು, ಸೂರ್ಯನಾರಾಯಣ ಮೊದಲಾದ ಹೆಸರುಗಳುಳ್ಳ ಚಿತ್ತಾರಗಳು ಲೆಕ್ಕ ತಪ್ಪದೆ ಮೂಡಬೇಕಾದರೆ ಕುಣಿಮಗ್ಗದಲ್ಲಿ ಕುಳಿತ ನೇಕಾರನ ಕೈಗಳೂ ಕಾಲುಗಳೂ ಒಂದೇ ತಾಳಕ್ಕೆ ಬದ್ಧವಾಗಿರಬೇಕು. ಕಾಲು ತುಳಿಯುತ್ತದೆ, ಲಾಳಿ ಓಡುತ್ತದೆ, ಹಣಿಗೆ ಬಡಿಯುತ್ತದೆ. ಇವುಗಳಲ್ಲಿ ಯಾವುದನ್ನೂ ಅವನು ಪ್ರತಿಸಲ ಯೋಚಿಸಿ ಮಾಡುವುದಿಲ್ಲ. ಬಾಲ್ಯದಿಂದ ರೂಢಿಯಾದ ಚಲನೆಗಳು ತಾವಾಗಿಯೇ ನಡೆಯುತ್ತವೆ. ಹೀಗೆ ತಾವಾಗಿ ನಡೆಯುವ ಚಲನೆಗಳನ್ನೇ ಮೊದಲು ಹಿಡಿದು ನಿಧಾನಗೊಳಿಸುವ ರೋಗವೊಂದುಂಟು. ಅದೇ ಕಂಪವಾತ, ಅಥವಾ ಪಾರ್ಕಿನ್ಸನ್ ರೋಗ. ನೇಕಾರಿಕೆಯಿಂದ ಈ ರೋಗ ಬರುತ್ತದೆಂದು ಯಾರೂ ಭಾವಿಸಬಾರದು. ಒಕ್ಕಲಿಗನಿಗೂ ಬರುತ್ತದೆ, ಶಾಲಾಮಾಸ್ತರರಿಗೂ ಬರುತ್ತದೆ. ಆದರೆ ಮಗ್ಗದ ಮೇಲೆ ಕುಳಿತವನಿಗೆ ಅದು ಬೇಗನೆ ಗೊತ್ತಾಗುವ ಸಂಭವವಿದೆ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ೧೮೧೭ರಲ್ಲಿ ಆರು ಮಂದಿ ರೋಗಿಗಳನ್ನು ಕುರಿತು ಬರೆದ ಪ್ರಬಂಧದಿಂದ ಇದಕ್ಕೆ ಈ ಹೆಸರು ಬಂದಿತು. ಕೈ ಸುಮ್ಮನಿರುವಾಗ ಬರುವ ನಡುಕ, ಮೈಯ ಬಿಗಿತ, ಚಲನೆಯ ಮಂದತೆ, ಬರುಬರುತ್ತ ಸಣ್ಣದಾಗುವ ಅಕ್ಷರ, ಮುಂದಕ್ಕೆ ಬಾಗಿದ ನಡಿಗೆ ಇವು ಅದರ ಲಕ್ಷಣಗಳು. ಬೆಂಗಳೂರು ಜಿಲ್ಲೆಯ ಪಟ್ಟಣ ಹಾಗೂ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಜನರನ್ನು ಮನೆಮನೆಗೆ ಹೋಗಿ ಪರೀಕ್ಷಿಸಿ ೨೦೦೪ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು ೩೩ ಮಂದಿಯಲ್ಲಿ ಈ ರೋಗ ಕಂಡುಬಂದಿತು. ಇದು ಮುಖ್ಯವಾಗಿ ಇಳಿವಯಸ್ಸಿನ ರೋಗ. ನಮ್ಮಲ್ಲಿ ವೃದ್ಧರ ಸಂಖ್ಯೆ ಹೆಚ್ಚಿದಂತೆ ರೋಗಿಗಳ ಸಂಖ್ಯೆಯೂ ಹೆಚ್ಚುವುದು ಸಹಜ.

ಈ ರೋಗವನ್ನು ಬುಡಸಹಿತ ಕೀಳುವ ಔಷಧ ಇನ್ನೂ ದೊರೆತಿಲ್ಲ. ಆದರೂ ಲಕ್ಷಣಗಳನ್ನು ವರ್ಷಗಟ್ಟಲೆ ಹತೋಟಿಯಲ್ಲಿಡುವ ಔಷಧಗಳಿವೆ. ವಿಚಿತ್ರವೆಂದರೆ, ಒಳ್ಳೆಯ ಔಷಧವು ಮನೆಯಲ್ಲಿದ್ದರೂ ಅದನ್ನು ಸೇವಿಸುವ ಬಗೆ ತಿಳಿಯದೆ ಕಷ್ಟಪಡುವವರುಂಟು. ಆದುದರಿಂದ ಈ ಪಾಠದಲ್ಲಿ ನಾವು ಔಷಧಗಳ ಕೆಲಸವನ್ನೂ, ಅದನ್ನು ರೋಗಿಗೆ ತಿಳಿಯಹೇಳುವ ಬಗೆಯನ್ನೂ ಒಟ್ಟಿಗೆ ವಿಚಾರಮಾಡೋಣ. ಎರಡನೆಯದು ಡಾಕ್ಟರರ ಕೆಲಸವೆಂದು ವಿದ್ಯಾರ್ಥಿಗಳು ತಳ್ಳಿಹಾಕಬಾರದು. ಅನೇಕ ಮನೆಗಳಲ್ಲಿ ಗುಳಿಗೆಯ ಪಟ್ಟಿಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಓದಿ ಹೇಳುವವರು ಶಾಲೆಗೆ ಹೋಗುವ ಮೊಮ್ಮಕ್ಕಳೇ.

ಮೊದಲು ಔಷಧದ ಕಥೆ. ಮೆದುಳಿನ ಕೆಳಭಾಗದಲ್ಲಿ ಕಪ್ಪು ಬಣ್ಣದ ಚಿಕ್ಕದೊಂದು ಭಾಗವಿದೆ. ಅಲ್ಲಿನ ಜೀವಕೋಶಗಳು ಡೋಪಮಿನ್ ಎಂಬ ದ್ರವ್ಯವನ್ನು ತಯಾರಿಸಿ, ಚಲನೆಯನ್ನು ನಿಯಂತ್ರಿಸುವ ಕೇಂದ್ರಗಳಿಗೆ ಸುದ್ದಿ ಕಳುಹಿಸುತ್ತವೆ. ಕಂಪವಾತದಲ್ಲಿ ಈ ಜೀವಕೋಶಗಳು ಕ್ರಮೇಣ ನಶಿಸುತ್ತವೆ. ರೋಗ ಹೊರಗೆ ಕಾಣಿಸಿಕೊಳ್ಳುವ ವೇಳೆಗೆ ಬಹುಭಾಗ ಡೋಪಮಿನ್ ಕಡಮೆಯಾಗಿರುತ್ತದೆ. ಹಾಗಾದರೆ ಡೋಪಮಿನ್ನನ್ನೇ ನುಂಗಿಸಬಾರದೇಕೆ? ರಕ್ತಕ್ಕೂ ಮೆದುಳಿಗೂ ನಡುವೆ ಪ್ರಕೃತಿಯು ಕಟ್ಟಿದ ಗೋಡೆಯೊಂದಿದೆ. ಡೋಪಮಿನ್ ಅದನ್ನು ದಾಟಲಾರದು. ಅದರ ಪೂರ್ವರೂಪವಾದ ಲೆವೊಡೋಪ ಮಾತ್ರ ದಾಟಬಲ್ಲುದು, ಮತ್ತು ಒಳಹೊಕ್ಕ ಮೇಲೆ ಡೋಪಮಿನ್ ಆಗಬಲ್ಲುದು.

ಈ ಲೆವೊಡೋಪ ನಮಗೆ ಅಪರಿಚಿತ ವಸ್ತುವೇನೂ ಅಲ್ಲ. ಬೇಲಿಯ ಮೇಲೆ ಹಬ್ಬಿ, ಮುಟ್ಟಿದವರಿಗೆಲ್ಲ ತುರಿಕೆ ತರುವ ನಸುಗುನ್ನಿಯ ಬೀಜದಲ್ಲಿ ಅದು ಧಾರಾಳವಾಗಿದೆ. ಮದರಾಸು ವಿಶ್ವವಿದ್ಯಾಲಯದ ಜೀವರಸಾಯನ ಪ್ರಯೋಗಶಾಲೆಯಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬವರು ೧೯೩೭ರಲ್ಲಿಯೇ ಅದನ್ನು ಈ ಬೀಜದಿಂದ ಬೇರ್ಪಡಿಸಿದ್ದರು. ಅದರ ಉಪಯೋಗ ಮಾತ್ರ ಆಗ ಗೊತ್ತಿರಲಿಲ್ಲ. ೧೯೫೭ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ನರು ಮೊಲಗಳಿಗೆ ರೆಸರ್ಪೀನ್ ಕೊಟ್ಟು ಅವು ಅಲುಗಾಡದೆ ಬೀಳುವಂತೆ ಮಾಡಿ, ಬಳಿಕ ಡೋಪ ಚುಚ್ಚಿ ಮತ್ತೆ ಎಬ್ಬಿಸಿದರು. ಆ ರೆಸರ್ಪೀನ್ ನಮ್ಮ ಸರ್ಪಗಂಧಿಯ ಬೇರಿನಿಂದ ಬಂದುದು. ಹೀಗೆ ಮೊಲವನ್ನು ಮಲಗಿಸಿದ ದ್ರವ್ಯವೂ, ಎಬ್ಬಿಸಿದ ದ್ರವ್ಯವೂ ನಮ್ಮ ಗಿಡಬಳ್ಳಿಗಳಲ್ಲಿ ಇದ್ದವೇ! ಕಾರ್ಲ್‌ಸನ್ನರಿಗೆ ೨೦೦೦ದಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಮನುಷ್ಯರಲ್ಲಿ ಈ ಔಷಧವನ್ನು ನಿಜವಾಗಿ ನೆಲೆಗೊಳಿಸಿದವರು ಅಮೆರಿಕದ ಜಾರ್ಜ್ ಕೊಟ್ಜಿಯಾಸ್. ಅದಕ್ಕೆ ಮೊದಲು ಪ್ರಯತ್ನಿಸಿದವರಲ್ಲಿ ಕೆಲವರು ವಾಂತಿಯ ಬಾಧೆಯಿಂದ ಕೈಬಿಟ್ಟಿದ್ದರು. ಕೊಟ್ಜಿಯಾಸರು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ, ತಾಳ್ಮೆಯಿಂದ, ಸ್ವಲ್ಪಸ್ವಲ್ಪವೇ ಏರಿಸುತ್ತ ಹೋದರು. ೧೯೬೭ರಲ್ಲಿ ಅವರ ಫಲಿತಾಂಶಗಳು ಪ್ರಕಟವಾದವು. ರೋಗಿಗೆ ಹೇಳಬೇಕಾದ ಮೊದಲ ಮಾತು ಇದರಲ್ಲಿಯೇ ಅಡಗಿದೆ. ಮೊದಲ ವಾರದಲ್ಲಿ ಗುಣ ಕಾಣಲಿಲ್ಲವೆಂದು ಔಷಧವನ್ನು ಬಿಡಬಾರದು. ಡಾಕ್ಟರರು ಬೇಕೆಂದೇ ಕಡಮೆ ಕೊಟ್ಟಿದ್ದಾರೆ.

ಈಗಿನ ಗುಳಿಗೆಯಲ್ಲಿ ಲೆವೊಡೋಪದೊಡನೆ ಕಾರ್ಬಿಡೋಪ ಎಂಬ ಜತೆಗಾರನಿರುತ್ತದೆ. ಲೆವೊಡೋಪವು ದಾರಿಯಲ್ಲಿಯೇ ಡೋಪಮಿನ್ ಆಗಿ ಪೋಲಾಗದಂತೆ ಇದು ಕಾಯುತ್ತದೆ. ಇದರಿಂದ ವಾಂತಿಯೂ ಕಡಮೆ. ಒಂದು ಬಗೆಯ ಗುಳಿಗೆಯಲ್ಲಿ ೧೦೦ ಮಿಲಿಗ್ರಾಂ ಲೆವೊಡೋಪಕ್ಕೆ ೧೦ ಕಾರ್ಬಿಡೋಪ, ಇನ್ನೊಂದರಲ್ಲಿ ೧೦೦ಕ್ಕೆ ೨೫, ಮತ್ತೊಂದರಲ್ಲಿ ೨೫೦ಕ್ಕೆ ೨೫. ಅಂಗಡಿಗಳಲ್ಲಿ ಇವೆರಡರ ಮೊತ್ತವನ್ನು ಹಿಡಿದು ೧೧೦, ೧೨೫, ೨೭೫ ಎಂದು ಕರೆಯುವುದುಂಟು. ಹೆಸರೊಂದೇ ಇದ್ದು ಅಂಕೆ ಬೇರೆಯಾದರೆ ಔಷಧದ ಬಲವೇ ಬೇರೆ. ೧೧೦ರ ಬದಲಿಗೆ ೨೭೫ನ್ನು ತಂದರೆ ಲೆವೊಡೋಪ ಎರಡೂವರೆ ಪಟ್ಟು ಆಗುತ್ತದೆಂಬುದನ್ನು ಗಣಿತ ಬಲ್ಲ ವಿದ್ಯಾರ್ಥಿಗೆ ವಿವರಿಸಬೇಕಾಗಿಲ್ಲ. ನಿಧಾನವಾಗಿ ಕರಗುವಂತೆ ಮಾಡಿದ ಗುಳಿಗೆಗಳೂ ಇವೆ. ನುಂಗಲು ಕಷ್ಟವೆಂದು ಅವನ್ನು ಕುಟ್ಟಿ ಪುಡಿಮಾಡಿದರೆ, ದಿನದ ತಾಸುಗಳಿಗೆ ಹಂಚಬೇಕಾದುದು ಒಮ್ಮೆಲೇ ಮೈಗೆ ಸೇರುತ್ತದೆ.

ಇನ್ನು ಗಡಿಯಾರದ ವಿಚಾರಕ್ಕೆ ಬರೋಣ. ರಕ್ತದಲ್ಲಿರುವ ಲೆವೊಡೋಪ ಸುಮಾರು ಒಂದೂವರೆ ತಾಸಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ತಳ ತೂತಾದ ಕೊಡಕ್ಕೆ ನೀರು ಸುರಿಯುತ್ತಿದ್ದಂತೆ ಇದು. ರೋಗದ ಆರಂಭದಲ್ಲಿ, ಉಳಿದ ಜೀವಕೋಶಗಳು ಡೋಪಮಿನ್ನನ್ನು ಕೂಡಿಟ್ಟುಕೊಂಡು ಬೇಕಾದಾಗ ಬಿಡುವುದರಿಂದ ಒಂದು ತಾಸು ಹಿಂದುಮುಂದಾದರೂ ರೋಗಿಗೆ ಗೊತ್ತಾಗುವುದಿಲ್ಲ. ವರ್ಷಗಳು ಕಳೆದಂತೆ ಕೂಡಿಡುವ ಜೀವಕೋಶಗಳೇ ಇಲ್ಲವಾಗುತ್ತವೆ. ಆಗ ಗುಳಿಗೆಯ ಬಲವಿರುವಷ್ಟು ಹೊತ್ತು ಕೈಕಾಲು ಸಡಿಲವಾಗಿದ್ದು, ಬಲ ಇಳಿದೊಡನೆ ಬಿಗಿತ ಮರಳುತ್ತದೆ. ಬಲ ಮಿತಿಮೀರಿದಾಗ ಮೈ ತನ್ನಷ್ಟಕ್ಕೆ ತಿರುಚುತ್ತದೆ. ದಿನಕ್ಕೆ ಮೂರು ಗುಳಿಗೆ ಎಂದಷ್ಟೇ ಹೇಳಿಸಿಕೊಂಡವನು ಉಂಡಾಗಲೊಂದು ನುಂಗುತ್ತಾನೆ. ಹೇಳಬೇಕಾದುದು ಹಾಗಲ್ಲ. ಬೆಳಗಿನ ಏಳಕ್ಕೆ, ಹನ್ನೊಂದಕ್ಕೆ ಎಂಬಂತೆ ಡಾಕ್ಟರರು ಬರೆದ ಗಂಟೆಯನ್ನೇ ಹೇಳಬೇಕು. ಮರೆತ ಗುಳಿಗೆ ಬೇಗನೆ ನೆನಪಾದರೆ ತೆಗೆದುಕೊಳ್ಳಬಹುದು; ಮುಂದಿನದಕ್ಕೆ ಹೊತ್ತು ಸಮೀಪಿಸಿದ್ದರೆ ಎರಡನ್ನು ಕೂಡಿಸಿ ನುಂಗಬಾರದು.

ಗಡಿಯಾರದೊಡನೆ ಊಟದ ತಟ್ಟೆಯನ್ನೂ ನೋಡಬೇಕು. ಲೆವೊಡೋಪವು ಒಂದು ಅಮೈನೊ ಆಮ್ಲ. ನಾವು ತಿನ್ನುವ ಸಸಾರಜನಕ ಪದಾರ್ಥಗಳೂ ಜೀರ್ಣವಾಗಿ ಅಮೈನೊ ಆಮ್ಲಗಳೇ ಆಗುತ್ತವೆ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋಗಲು ಇವುಗಳಲ್ಲಿ ಹಲವಕ್ಕೂ ಲೆವೊಡೋಪಕ್ಕೂ ಬಾಗಿಲು ಒಂದೇ. ಜೋಳದ ರೊಟ್ಟಿಯ ಜತೆಗೆ ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಸೇರಿದ ನಮ್ಮ ಕಡೆಯ ಮಧ್ಯಾಹ್ನದ ಊಟ ಬಹಳ ಉತ್ತಮವಾದುದೇ. ಆದರೆ ಅದರ ಹಿಂದೆಯೇ ನುಂಗಿದ ಗುಳಿಗೆ ಬಾಗಿಲಲ್ಲಿ ಸರದಿ ಕಾಯಬೇಕಾಗುತ್ತದೆ. ಮಧ್ಯಾಹ್ನದ ಗುಳಿಗೆ ಹತ್ತುವುದೇ ಇಲ್ಲ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ಊಟಕ್ಕೆ ಅರ್ಧ ತಾಸು ಮೊದಲು, ಇಲ್ಲವೆ ಊಟವಾದ ಒಂದು ತಾಸಿನ ಮೇಲೆ ತೆಗೆದುಕೊಳ್ಳುವುದು ಸಾಮಾನ್ಯ ನಿಯಮ. ಹೊಸದಾಗಿ ಆರಂಭಿಸಿದವರಿಗೆ ಬರಿಯ ಹೊಟ್ಟೆಯಲ್ಲಿ ಓಕರಿಕೆ ಬಂದರೆ ಒಂದು ಹಿಡಿ ಚುರಮುರಿಯನ್ನು ಜತೆಗೆ ತಿನ್ನಬಹುದು. ಅದರಲ್ಲಿ ಸಸಾರಜನಕ ಅಲ್ಪ. ಇದನ್ನು ಕೇಳಿ ಬೇಳೆಕಾಳುಗಳನ್ನೇ ಬಿಟ್ಟು ಸೊರಗುವವರೂ ಉಂಟು, ಅದು ಸಲ್ಲದು. ರಕ್ತಹೀನತೆಗೆ ಕೊಡುವ ಕಬ್ಬಿಣದ ಗುಳಿಗೆಯು ಲೆವೊಡೋಪವನ್ನು ಕಟ್ಟಿಹಾಕುವುದರಿಂದ ಎರಡರ ನಡುವೆ ಕನಿಷ್ಠ ಎರಡು ತಾಸಿನ ಅಂತರವಿರಲಿ. ಶ್ರಾವಣ ಸೋಮವಾರದ ಉಪವಾಸವಿರಲಿ, ರಮಜಾನಿನ ರೋಜಾ ಇರಲಿ, ಗುಳಿಗೆಯ ವೇಳೆ ಬದಲಾಗುವುದಾದರೆ ಮುಂಚಿತವಾಗಿ ಡಾಕ್ಟರರನ್ನು ಕೇಳತಕ್ಕದ್ದು.

ನಸುಗುನ್ನಿಯ ಬೀಜದಲ್ಲಿ ಇದೇ ಔಷಧವಿದ್ದರೆ ಅದರ ಪುಡಿಯನ್ನೇ ತಿನ್ನಬಹುದಲ್ಲವೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಬೀಜದಿಂದ ಬೀಜಕ್ಕೆ ಪ್ರಮಾಣ ವ್ಯತ್ಯಾಸವಾಗುತ್ತದೆ; ಕಾರ್ಬಿಡೋಪದ ಕಾವಲೂ ಅಲ್ಲಿಲ್ಲ. ಗುಳಿಗೆಯ ಜತೆಗೆ ಯಾರಿಗೂ ಹೇಳದೆ ಪುಡಿಯನ್ನೂ ಸೇವಿಸುವವನ ಮೈಯಲ್ಲಿ ಎಷ್ಟು ಲೆವೊಡೋಪ ಸೇರಿತೆಂದು ಲೆಕ್ಕ ಹಾಕುವವರಾರು? ಆದಕಾರಣ, ಮನೆಮದ್ದೇನಾದರೂ ನಡೆದಿದೆಯೆ ಎಂದು ಬೈಯುವ ಧ್ವನಿಯಿಲ್ಲದೆ ಕೇಳಬೇಕು. ಬೈದರೆ ಉತ್ತರ ಬರುವುದಿಲ್ಲ.

ಔಷಧದ ಅಡ್ಡ ಪರಿಣಾಮಗಳನ್ನು ಮೊದಲೇ ಹೇಳಿದರೆ ರೋಗಿ ಹೆದರುವನೆಂದು ಕೆಲವರ ಅಭಿಪ್ರಾಯ. ನಮಗೆ ಹಾಗೆ ತೋರುವುದಿಲ್ಲ. ಲೆವೊಡೋಪದಿಂದ ಮೂತ್ರದ ಬಣ್ಣ ಕಪ್ಪಾಗುವುದುಂಟು, ಅದು ನಿರಪಾಯಕರ. ತಿಳಿಯದವನು ರಕ್ತ ಹೋಗುತ್ತಿದೆಯೆಂದು ಗಾಬರಿಗೊಂಡು ಔಷಧವನ್ನೇ ನಿಲ್ಲಿಸಿಯಾನು. ಥಟ್ಟನೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆಗೂಡಬಹುದು. ಕುಣಿಮಗ್ಗದಿಂದ ಮೇಲೇಳುವವನು ಅಂಚಿನ ಮೇಲೆ ಕ್ಷಣಕಾಲ ಕುಳಿತು ಏಳಬೇಕು. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ವೃದ್ಧರಲ್ಲಿ ಬಾಯಿ ಒಣಗಿಸಿ, ಮೂತ್ರ ಕಟ್ಟಿಸಿ, ಮನಸ್ಸಿಗೆ ಭ್ರಮೆ ತರಬಹುದು. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಔಷಧಗಳದು ಇನ್ನೂ ವಿಚಿತ್ರ. ಅವು ಕೆಲವರಲ್ಲಿ ಹಠಾತ್ತಾಗಿ ನಿದ್ರೆ ತರುತ್ತವೆ. ಇನ್ನು ಕೆಲವರಲ್ಲಿ ಜೂಜು, ಅತಿಯಾದ ಖರ್ಚು, ಅತಿಯಾದ ಕಾಮ ಮೊದಲಾದ ತಡೆಯಲಾಗದ ಚಟಗಳನ್ನು ಹುಟ್ಟಿಸುತ್ತವೆ. ಎಂದೂ ಮಟ್ಕಾ ಆಡದ ಹಿರಿಯರು ಇಳಿವಯಸ್ಸಿನಲ್ಲಿ ಆಡತೊಡಗಿದರೆ ಮನೆಯವರು ಅದನ್ನು ಗುಣದೋಷವೆಂದೇ ಎಣಿಸುತ್ತಾರೆ. ಔಷಧದ ಫಲವೆಂದು ತಿಳಿದರೆ ಡಾಕ್ಟರರು ಅದನ್ನು ಇಳಿಸಬಲ್ಲರು, ಮನೆಯ ಮಾನವೂ ಉಳಿಯುತ್ತದೆ.

ಎಲ್ಲಕ್ಕಿಂತ ಎಚ್ಚರವಿರಬೇಕಾದುದು ಬೇರೆ ಕಾಯಿಲೆಗೆಂದು ಕೊಂಡು ತರುವ ಗುಳಿಗೆಗಳಲ್ಲಿ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆತಿರುಗುವಿಕೆಗೆ ಕೊಡುವ ಪ್ರೋಕ್ಲೋರ್‌ಪೆರಜೀನ್ ಮತ್ತು ಸಿನ್ನರಿಜೀನ್, ಅರೆತಲೆನೋವಿಗೆ ಕೊಡುವ ಫ್ಲೂನರಿಜೀನ್, ಮನೋರೋಗದ ಹ್ಯಾಲೊಪೆರಿಡಾಲ್ ಇವೆಲ್ಲ ಮೆದುಳಿನಲ್ಲಿ ಡೋಪಮಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ರೋಗಿಗೆ ಒಂದು ಕೈಯಿಂದ ಡೋಪಮಿನ್ ಕೊಟ್ಟು ಇನ್ನೊಂದು ಕೈಯಿಂದ ಕಸಿದಂತೆ ಆಗುತ್ತದೆ. ರೋಗವೇ ಇಲ್ಲದ ವೃದ್ಧರಲ್ಲಿ ಸಹ ಇವು ಕಂಪವಾತದ ಲಕ್ಷಣಗಳನ್ನು ತರುವುದುಂಟು; ಔಷಧ ನಿಲ್ಲಿಸಿದ ಕೆಲವು ತಿಂಗಳುಗಳಲ್ಲಿ ಅನೇಕರಿಗೆ ಅವು ಮಾಯವಾಗುತ್ತವೆ. ಆದ್ದರಿಂದ ಯಾವ ಔಷಧದ ಅಂಗಡಿಗೆ ಹೋದರೂ, ಯಾವ ದವಾಖಾನೆಗೆ ಹೋದರೂ, ತನಗೆ ಕಂಪವಾತವಿದೆಯೆಂದು ರೋಗಿ ಮೊದಲು ಹೇಳಬೇಕು.

ಗುಳಿಗೆಯನ್ನು ಹಠಾತ್ತಾಗಿ ನಿಲ್ಲಿಸುವುದು ಅಪಾಯಕರ. ತೀವ್ರ ಜ್ವರ, ಮರಗಟ್ಟಿದಂಥ ಬಿಗಿತ, ಎಚ್ಚರ ತಪ್ಪುವಿಕೆ ಉಂಟಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಪಟ್ಟಿ ಮುಗಿದಿದೆ, ಬಾಗಲಕೋಟೆಗೆ ಹೋದಾಗ ತಂದರಾಯಿತು ಎಂದು ನಾಲ್ಕು ದಿನ ತಳ್ಳುವಂತಿಲ್ಲ. ಒಂದು ವಾರದ ಗುಳಿಗೆ ಉಳಿದಿರುವಾಗಲೇ ಮುಂದಿನದನ್ನು ತರಿಸಬೇಕು. ಬೇರೆ ಕಾರಣದಿಂದ ಆಸ್ಪತ್ರೆಗೆ ಸೇರಿದರೆ ಗುಳಿಗೆಗಳನ್ನೂ ಅವುಗಳ ವೇಳೆಯ ಚೀಟಿಯನ್ನೂ ಜತೆಗೆ ಒಯ್ಯಬೇಕು.

ನಮ್ಮ ದೇಶದಲ್ಲಿ ೨೦೧೫ರ ಔಷಧ ವಿತರಣಾ ವೃತ್ತಿಯ ನಿಯಮಗಳು, ನೋಂದಾಯಿತ ಔಷಧ ವಿತರಕನು ರೋಗಿಯೊಡನೆ ಅಥವಾ ಅವನ ಆರೈಕೆ ಮಾಡುವವರೊಡನೆ ತಾನೇ ಮಾತನಾಡಿ, ಔಷಧದ ಹೆಸರು, ಉದ್ದೇಶ, ಪ್ರಮಾಣ, ಅಡ್ಡ ಪರಿಣಾಮ, ಮರೆತಾಗ ಮಾಡಬೇಕಾದುದು ಇವನ್ನು ತಿಳಿಸಬೇಕೆಂದು ವಿಧಿಸಿವೆ. ಗಿರಾಕಿಗಳು ನೆರೆದ ಅಂಗಡಿಯಲ್ಲಿ ಇದು ಎಷ್ಟರಮಟ್ಟಿಗೆ ನಡೆಯುತ್ತದೆಂಬುದನ್ನು ವಾಚಕರೇ ಬಲ್ಲರು. ಕೇಳಿದರೆ ಹೇಳುವವರು ಅನೇಕರಿದ್ದಾರೆ, ಕೇಳುವವರು ಬೇಕು.

ಮನೆಯಲ್ಲಿ ಕೇಳುವುದಕ್ಕೂ ಒಂದು ರೀತಿಯುಂಟು. "ಮುತ್ಯಾ, ಗುಳಿಗಿ ತಗೊಂಡೀ?" ಎಂದರೆ "ಹ್ಞೂಂ" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. "ಮುತ್ಯಾ, ಇವತ್ತ ಮುಂಜಾನಿ ಗುಳಿಗಿ ಎಷ್ಟಕ್ಕ ತಗೊಂಡಿ? ಕೈ ಸಡಿಲ ಆಗಿದ್ದು ಯಾವಾಗ?" ಎಂದು ಕೇಳಿದರೆ ವಿಷಯ ಹೊರಬರುತ್ತದೆ. ಇದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಬಹುದು. ಗುಳಿಗೆ ನುಂಗಿದ ವೇಳೆ, ಊಟದ ವೇಳೆ, ಕೈ ಸಡಿಲವಾದ ವೇಳೆ, ಮತ್ತೆ ಬಿಗಿತ ಬಂದ ವೇಳೆ, ಮೈ ತಿರುಚಿದ್ದರೆ ಆ ವೇಳೆ, ಹೀಗೆ ಐದು ಮನೆಗಳನ್ನು ಗೆರೆಯೆಳೆದು ಮಾಡಿದರೆ ಸಾಕು. ಡಾಕ್ಟರರು ರೋಗಿಯನ್ನು ಕಾಣುವುದು ಹತ್ತು ನಿಮಿಷ, ಅದೂ ಗುಳಿಗೆ ಹತ್ತಿದ ಹೊತ್ತೋ ಇಳಿದ ಹೊತ್ತೋ ಎಂಬುದು ಅವರಿಗೆ ತಿಳಿಯದು. ಒಂದು ವಾರದ ಇಂಥ ಪುಟವನ್ನು ಮುಂದಿಟ್ಟರೆ, ಗುಳಿಗೆಯ ಬಲವನ್ನು ಹೆಚ್ಚಿಸಬೇಕೆ, ಅಥವಾ ಇದ್ದ ಗುಳಿಗೆಯನ್ನೇ ಅರ್ಧ ತಾಸು ಹಿಂದಕ್ಕೆ ತಂದರೆ ಸಾಕೆ ಎಂಬುದನ್ನು ಅವರು ಅದನ್ನು ನೋಡಿಯೇ ನಿರ್ಧರಿಸುವರು.